ಕಾಲೇಜಿಗೆ ಕಂಪ್ಯೂಟರ್ ಕೊಳ್ಳುವಾಗ ಬಿಲ್ಲಿನ ಹಿಂಭಾಗವನ್ನೂ ನೋಡಿ

ಕಾಲೇಜಿಗೆ ಕಂಪ್ಯೂಟರ್ ಕೊಳ್ಳಬೇಕು, ಪರಿಚಯದ ಅಂಗಡಿ ಇದೆ, ಟೆಂಡರ್ ಗೋಜು ಬೇಡ ಅಂತ ಮೂರು ಬಿಲ್ ಮಾಡಿಸುತ್ತೇವೆ, ಸಾಫ್ಟ್‌ವೇರ್ ಎಲ್ಲಾ ಅವನೇ ಹಾಕಿಕೊಡುತ್ತಾನೆ, ಪ್ರಿನ್ಸಿಪಾಲರ ಸಹಿ ಇರುವಾಗ ನನಗೇನು ತೊಂದರೆ ಅಂತ ಕೇಳಿದ್ದೀರಿ. ಜೊತೆಗೆ ಒಂದು ಲ್ಯಾಪ್‌ಟಾಪ್ ಮನೆಗೆ ಒಯ್ಯಬಹುದಾ, ಯಾವ ಮಾಡೆಲ್ ಒಳ್ಳೆಯದು ಅಂತಲೂ ಕೇಳಿದ್ದೀರಿ.

ತೊಂದರೆ ಇದೆ. ನನಗೆ ಅದು 63,000 ರೂಪಾಯಿಯ ತೊಂದರೆ ಆಯಿತು. ತಿಂಗಳಿಗೆ 3,500ರಂತೆ 18 ಕಂತು, ಸಂಬಳದಲ್ಲಿ ಕಡಿತ. ಮಾಡೆಲ್ ವಿಷಯ ಆಮೇಲೆ, ಅದು ಯಾವುದಾದರೂ ನಡೆಯುತ್ತದೆ.

ನಾನು ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಡುತ್ತೇನೆ. ಪಾಠ ಮಾಡುವ ವಿಷಯ ಏನು ಗೊತ್ತಾ? ಆಡಿಟಿಂಗ್. ನಗಬೇಡಿ. 2012ರ ಮಾರ್ಚ್ 31ಕ್ಕೆ ಹನ್ನೊಂದನೇ ಪಂಚವಾರ್ಷಿಕ ಯೋಜನೆ ಮುಗಿಯುವುದಿತ್ತು. ಯುಜಿಸಿಯಿಂದ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ, ಬಂದ ಅನುದಾನದಲ್ಲಿ ಒಂದಿಷ್ಟು ಹಣ ಖರ್ಚಾಗದೆ ಉಳಿದಿದೆ, ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತದೆ ಅಂತ ಮಾರ್ಚ್ ಮೊದಲ ವಾರ ಆಫೀಸಿಗೆ ಜ್ಞಾನೋದಯವಾಯಿತು. ಪ್ರಿನ್ಸಿಪಾಲರು ಕರೆದು, "ಲ್ಯಾಬ್ ಬೇಕು, ಲ್ಯಾಬ್ ಬೇಕು ಅಂತಿದ್ರಲ್ಲ, ತಗೊಳ್ಳಿ. ಆದ್ರೆ ತಿಂಗಳ ಕೊನೆಯೊಳಗೆ ಬಿಲ್ ನನ್ನ ಟೇಬಲ್ ಮೇಲಿರಬೇಕು" ಅಂದರು. ನಾನು ಖುಷಿಯಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋದೆ. ಅಂಗಡಿಯವನು ನಮ್ಮದೇ ಹಳೇ ವಿದ್ಯಾರ್ಥಿ. "ಸರ್, ನೀವು ಟೆನ್ಶನ್ ತಗೋಬೇಡಿ, ನಾನಿದೀನಿ" ಅಂದ. ಈ ಮಾತು ಯಾರಾದರೂ ಹೇಳಿದರೆ ಈಗ ನನಗೆ ನಿಜವಾಗಿ ಟೆನ್ಶನ್ ಶುರುವಾಗುತ್ತದೆ.

ಎಂಟು ಕಂಪ್ಯೂಟರ್, ಒಂದಕ್ಕೆ 30,000. ಒಟ್ಟು 2.4 ಲಕ್ಷ. ಆಗಿನ ಕೇಂದ್ರ ಹಣಕಾಸು ನಿಯಮದಲ್ಲಿ 15,000 ರೂಪಾಯಿವರೆಗೆ ಕೊಟೇಶನ್ (ಅಂಗಡಿಯವರು ಬರೆದುಕೊಡುವ ದರಪಟ್ಟಿ) ಇಲ್ಲದೆ ಕೊಳ್ಳಬಹುದಿತ್ತು, ಅಲ್ಲಿಂದ 1 ಲಕ್ಷದವರೆಗೆ ಮೂರು ಜನರ ಖರೀದಿ ಸಮಿತಿ ಸಾಕಿತ್ತು, ಅದಕ್ಕಿಂತ ಮೇಲೆ ಹೋದರೆ ಟೆಂಡರ್. ಅಂಗಡಿಯವನೇ ದಾರಿ ತೋರಿಸಿದ. ಮೂರು, ಮೂರು, ಎರಡು ಅಂತ ಒಡೆದರೆ 90,000, 90,000, 60,000. ಯಾವುದೂ ಲಕ್ಷ ದಾಟುವುದಿಲ್ಲ. ಮೂರು ಅಂಗಡಿಯ ಕೊಟೇಶನ್ನೂ ಅವನೇ ತಂದುಕೊಟ್ಟ. ಬೇರೆ ಬೇರೆ ಲೆಟರ್‌ಹೆಡ್, ಆದರೆ ಮೂರರಲ್ಲೂ ಮಾನಿಟರ್ ಅನ್ನೋ ಪದದ ಸ್ಪೆಲಿಂಗ್ ಒಂದೇ ಥರ ತಪ್ಪು. ಬಿಲ್ ನಂಬರ್ 211, 212, 213. ಒಂದೇ ತಾರೀಕು, ಒಂದೇ ಪೆನ್ನು. ನಿಯಮವನ್ನು ಜಾಣತನದಿಂದ ದಾಟಿದೆವು ಅಂದುಕೊಂಡಿದ್ದೆವು. ಆಡಿಟ್‌ನವರಿಗೆ ಬೇಕಾದ ಸಾಕ್ಷಿಯನ್ನು ನಾವೇ ಕ್ರಮಸಂಖ್ಯೆ ಹಾಕಿ ಇಟ್ಟಿದ್ದೆವು.

ಆದರೆ ನನಗೆ ದುಡ್ಡು ಹೋಗಿದ್ದು ಇದಕ್ಕಲ್ಲ. ಇದಕ್ಕೆ ಸಮಿತಿಯ ಮೂರೂ ಜನ ವಿವರಣೆ ಬರೆದುಕೊಟ್ಟು, ಬೈಸಿಕೊಂಡು, ಹೇಗೋ ಪಾರಾದೆವು. ದುಡ್ಡು ಹೋಗಿದ್ದು ಒಂದೇ ಒಂದು ಸಹಿಗೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಾರ್ಚ್ 31, ಶನಿವಾರ. ಸಂಜೆ ಐದೂವರೆಗೆ ಗೂಡ್ಸ್ ಆಟೋದಲ್ಲಿ ಡಬ್ಬಗಳು ಬಂದವು. ಲ್ಯಾಬಿನಲ್ಲಿ ಆಗ ಟೇಬಲ್ಲೂ ಇರಲಿಲ್ಲ, ಕೆಳಗೇ ಸಾಲಾಗಿ ಇಟ್ಟೆವು. ಬಿಲ್ಲಿನಲ್ಲಿ ಪ್ರತಿ ಕಂಪ್ಯೂಟರಿಗೆ ಎರಡು ಸಾಲು ಇತ್ತು. ಮೊದಲನೇ ಸಾಲು ಯಂತ್ರದ್ದು, 21,000. ಎರಡನೇ ಸಾಲು ವಿಂಡೋಸ್ 7 ಪ್ರೊಫೆಷನಲ್, ಲೈಸೆನ್ಸ್ ಸಹಿತ, 9,000. ಆಫೀಸಿನಲ್ಲಿ ಹೊಸದಾಗಿ ಸೇರಿದ್ದ ದ್ವಿತೀಯ ದರ್ಜೆ ಸಹಾಯಕರು, ಅಂದರೆ ಎಸ್‌ಡಿಎ ಒಬ್ಬರಿದ್ದರು. ಅವರು ಸ್ಟಾಕ್ ಬುಕ್ ಹಿಡಿದುಕೊಂಡು ಬಂದು ಡಬ್ಬ ಎಣಿಸಿದರು. ಆಮೇಲೆ ಬಿಲ್ ನೋಡಿ, "ಸರ್, ಡಬ್ಬ ಎಂಟು ಸರಿ ಇದೆ. ಲೈಸೆನ್ಸ್ ಎಂಟು ಎಲ್ಲಿ?" ಅಂತ ಕೇಳಿದರು.

"ಅದು ಒಳಗೇ ಇರುತ್ತಮ್ಮ" ಅಂದೆ.

ಅಷ್ಟೇ. ಆ ಮೂರು ಪದ ನನ್ನ ವೃತ್ತಿಯ ಅತಿ ದುಬಾರಿ ವಾಕ್ಯ. ಬಿಲ್ ತಿರುಗಿಸಿ ಹಿಂಭಾಗದಲ್ಲಿ "ಮೇಲ್ಕಂಡ ಎಲ್ಲಾ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ಪುಸ್ತಕದಲ್ಲಿ ನಮೂದಿಸಲಾಗಿದೆ" ಅಂತ ಸೀಲ್ ಹೊಡೆಸಿ ಸಹಿ ಹಾಕಿದೆ. ಮೂರು ಬಿಲ್ಲಿಗೂ. ದಾಸ್ತಾನು ಪುಸ್ತಕದಲ್ಲಿ "ಕಂಪ್ಯೂಟರ್ – 8" ಅಂತ ಒಂದು ಸಾಲು. ಸೀರಿಯಲ್ ನಂಬರ್ ಇಲ್ಲ, ಲೈಸೆನ್ಸ್ ಬಗ್ಗೆ ಒಂದಕ್ಷರ ಇಲ್ಲ.

ಈ ಸಹಿಯ ಅರ್ಥ ಏನು ಅಂತ ನೋಡಿ. ಸಮಿತಿಯ ಸಹಿ ಇದೆಯಲ್ಲ, ಅದು "ಈ ಬೆಲೆ ಸರಿ, ಈ ಅಂಗಡಿ ಸರಿ" ಅನ್ನುತ್ತದೆ. ಪ್ರಿನ್ಸಿಪಾಲರ ಸಹಿ "ಹಣ ಪಾವತಿಸಿ" ಅನ್ನುತ್ತದೆ. "ವಸ್ತು ನನ್ನ ಕೈಗೆ ಬಂತು" ಅಂತ ಹೇಳುವುದು ಬಿಲ್ಲಿನ ಹಿಂದಿನ ಸಹಿ ಒಂದೇ. ಪ್ರಿನ್ಸಿಪಾಲರು ಅದನ್ನು ನಂಬಿಯೇ ಚೆಕ್ ಬರೆಯುತ್ತಾರೆ. ಕೀಬೋರ್ಡ್ ಬರದಿದ್ದರೆ ಕಣ್ಣಿಗೆ ಕಾಣುತ್ತದೆ. ಲೈಸೆನ್ಸ್ ಬರದಿದ್ದರೆ ಏನೂ ಕಾಣುವುದಿಲ್ಲ, ಪರದೆ ಮೇಲೆ ಎಲ್ಲಾ ಚೆನ್ನಾಗಿಯೇ ಓಡುತ್ತಿರುತ್ತದೆ. ನಾನು 72,000 ರೂಪಾಯಿಯ ಎಂಟು ಲೈಸೆನ್ಸ್ ಪಡೆದೆ ಅಂತ ಬರೆದುಕೊಟ್ಟಿದ್ದೆ, ಮತ್ತು ಲೈಸೆನ್ಸ್ ಅಂದರೆ ನೋಡಲು ಹೇಗಿರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ವೌಚರ್ ಇಲ್ಲದೆ ಯಾವ ಎಂಟ್ರಿಯನ್ನೂ ನಂಬಬೇಡಿ ಅಂತ ಅದೇ ವಾರ ಬಿ.ಕಾಂ. ಮಕ್ಕಳಿಗೆ ಪಾಠ ಮಾಡಿದ್ದೆ.

ಆಮೇಲೆ ಅಂಗಡಿಯ ಹುಡುಗನೊಬ್ಬ ಬಂದು ಪೆನ್‌ಡ್ರೈವ್ ಚುಚ್ಚಿ ಎಲ್ಲದಕ್ಕೂ ಎಲ್ಲಾ ಹಾಕಿಕೊಟ್ಟ. ಆಫೀಸ್, ಫೋಟೋಶಾಪ್, ಕೇಳದೇ ಇದ್ದ ಆಟಗಳು ಕೂಡ. "ಎಲ್ಲಾ ಫ್ರೀ ಸರ್." ಲ್ಯಾಬಿಗೆ ಆಗ ಇಂಟರ್‌ನೆಟ್ ಇರಲಿಲ್ಲ. ಮುಂದಿನ ವರ್ಷ ಬ್ರಾಡ್‌ಬ್ಯಾಂಡ್ ಬಂತು. ಒಂದು ಬೆಳಗ್ಗೆ ಹೋಗಿ ನೋಡಿದರೆ ಏಳು ಪರದೆ ಕಪ್ಪಗಿವೆ. ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವಿಂಡೋಸ್ 7, ಬಿಲ್ಡ್ 7601, ಈ ಪ್ರತಿ ಅಸಲಿಯಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಒಂದು ಮಾತ್ರ ಎಂದಿನ ನೀಲಿ ಪರದೆ ತೋರಿಸುತ್ತಾ ನಗುತ್ತಿತ್ತು. ಅದರ ಕ್ಯಾಬಿನೆಟ್ ಪಕ್ಕದಲ್ಲಿ 25 ಅಕ್ಷರದ ಕೀ ಇರುವ ಹೊಳೆಯುವ ಸ್ಟಿಕ್ಕರ್ ಇತ್ತು. ಉಳಿದ ಏಳಕ್ಕೆ ಇರಲಿಲ್ಲ. ಲೈಸೆನ್ಸ್ ಅಂದರೆ ಆ ಸ್ಟಿಕ್ಕರ್ ಅಂತ ನನಗೆ ತಿಳಿದಿದ್ದು ಅವತ್ತು.

ಅಂಗಡಿಯವನಿಗೆ ಫೋನ್ ಮಾಡಿದರೆ "ಹುಡುಗನ್ನ ಕಳಿಸ್ತೀನಿ ಸರ್". ಹುಡುಗ ಬಂದು ಏನೋ ಮಾಡಿ ಹೋಗುತ್ತಿದ್ದ, ತಿಂಗಳಾದ ಮೇಲೆ ಮತ್ತೆ ಕಪ್ಪು. 2014ರಲ್ಲಿ ಆಡಿಟ್ ಬರುವ ಹೊತ್ತಿಗೆ ಆ ಅಂಗಡಿ ಇದ್ದ ಜಾಗದಲ್ಲಿ ಬೇಕರಿ ಆಗಿತ್ತು. ಪ್ರಿನ್ಸಿಪಾಲರು ನಿವೃತ್ತರಾಗಿದ್ದರು. ಆಡಿಟ್‌ಗೆ ಬಂದವರು ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಒಂದೊಂದೇ ಕ್ಯಾಬಿನೆಟ್ ಪಕ್ಕಕ್ಕೆ ಬಗ್ಗಿ ನೋಡಿದರು. ಬಂದು ಕೂತು, ಚಹಾ ಕುಡಿದು, ಬಿಲ್ ತಿರುಗಿಸಿ, "ಇದು ನಿಮ್ಮ ಸಹಿಯೇನಾ?" ಅಂದರು. ಒಂದು ಲೈಸೆನ್ಸ್ ಬಂದಿದೆ, ಏಳು ಬಂದಿಲ್ಲ. ಏಳು ಒಂಬತ್ತಲಿ 63. ಬಾರದ ವಸ್ತುವನ್ನು ಬಂದಿದೆ ಅಂತ ದೃಢೀಕರಿಸಿದವರಿಂದ ವಸೂಲಿ.

ಈಗ ನಿಮ್ಮ ಪ್ರಶ್ನೆಗೆ. "ಪ್ರಿನ್ಸಿಪಾಲರ ಸಹಿ ಇದ್ದರೆ ನಾನು ಸೇಫ್" ಅನ್ನುವುದು ಶುದ್ಧ ತಪ್ಪು. ಖರೀದಿ ಸಮಿತಿಯವರು ಸಹಿ ಹಾಕುವ ಪ್ರಮಾಣಪತ್ರ ಇದೆಯಲ್ಲ, ಅದನ್ನು ಒಮ್ಮೆ ಓದಿ. ನಾವು ಜಂಟಿಯಾಗಿಯೂ, ಒಬ್ಬೊಬ್ಬರಾಗಿಯೂ ತೃಪ್ತರಾಗಿದ್ದೇವೆ ಅಂತ ಇರುತ್ತದೆ. ಒಬ್ಬೊಬ್ಬರಾಗಿಯೂ! ಗುಂಪಿನಲ್ಲಿ ಗೋವಿಂದ ಅನ್ನಲು ಅಲ್ಲಿ ಜಾಗವೇ ಇಲ್ಲ.

ನಿಯಮ ತಲೆನೋವು, ದಾಟುವುದು ಹೇಗೆ ಅನ್ನುವ ಧಾಟಿಯಲ್ಲಿ ಕೇಳಿದ್ದೀರಿ. ನನಗೂ ಹಾಗೇ ಅನಿಸುತ್ತಿತ್ತು. ಟೆಂಡರ್ ಕರೆದಿದ್ದರೆ ಏನಾಗುತ್ತಿತ್ತು? ಮಾರ್ಚ್ ಒಳಗೆ ಮುಗಿಯುತ್ತಿರಲಿಲ್ಲ, ಹಣ ವಾಪಸ್ ಹೋಗುತ್ತಿತ್ತು, ಲ್ಯಾಬ್ ಆಗುತ್ತಿರಲಿಲ್ಲ. ಹೋಗಲಿ ಬಿಡಿ ಅಂತ ಈಗ ಅನಿಸುತ್ತದೆ. ನನ್ನ ಹಣ ಅಂತೂ ಉಳಿಯುತ್ತಿತ್ತು. ಬಿಲ್ ಒಡೆಯುವ ಯೋಚನೆ ಬಿಟ್ಟುಬಿಡಿ. 2017ರ ಕೇಂದ್ರ ಹಣಕಾಸು ನಿಯಮಗಳಲ್ಲಿ ಮೇಲಿನವರ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ತುಂಡು ಮಾಡಬಾರದು ಅಂತ ನೇರವಾಗಿಯೇ ಇದೆ, 157ನೇ ನಿಯಮ. ಆ ನಿಯಮಗಳು ಬಂದಾಗ ಮಿತಿಯನ್ನೂ ಏರಿಸಿದರು, ಕೊಟೇಶನ್ ಇಲ್ಲದೆ 25,000, ಸಮಿತಿ ಮೂಲಕ 2.5 ಲಕ್ಷ. ಈ ಮೊತ್ತಗಳು ಆಗಾಗ ಬದಲಾಗುತ್ತವೆ, ಆಫೀಸಿನಲ್ಲಿ ಇತ್ತೀಚಿನ ಸುತ್ತೋಲೆ ಕೇಳಿ ಓದಿಕೊಳ್ಳಿ. ಸರ್ಕಾರಿ ಕಾಲೇಜಾದರೆ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ ಇದೆ, ಕೆಟಿಪಿಪಿ ಅಂತಾರಲ್ಲ, ಅದನ್ನು ನೋಡಬೇಕು. ಯಾವ ಹಣ ಅನ್ನುವುದರ ಮೇಲೆ ಯಾವ ನಿಯಮ ಅನ್ನುವುದು ನಿಂತಿದೆ. ನೀವು ಅದನ್ನೇ ಬರೆದಿಲ್ಲ.

ಸಾಫ್ಟ್‌ವೇರ್ "ಅವನೇ ಹಾಕಿಕೊಡುತ್ತಾನೆ" ಅನ್ನುವುದಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕಾರ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸದಿದ್ದರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು, ನಿಜ. ಅಷ್ಟು ದೂರ ಹೋಗಿ ವಾದ ಮಾಡುವ ಆಸೆ ನಿಮಗಿದೆಯಾ? ಕಾರ್ಖಾನೆಯಿಂದಲೇ ವಿಂಡೋಸ್ ಹಾಕಿ ಬರುವ ಯಂತ್ರ ತಗೊಳ್ಳಿ, ಇಲ್ಲ ವಿಂಡೋಸ್ ಬದಲು ಉಚಿತವಾಗಿ ಸಿಗುವ ಉಬುಂಟು ಹಾಕಿಸಿ. ಪತ್ರ, ಅಂಕಪಟ್ಟಿಗೆ ಲಿಬ್ರೆ ಆಫೀಸ್ ಧಾರಾಳ ಸಾಕು. ಕನ್ನಡ ಟೈಪ್ ಮಾಡಲು ನುಡಿ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಮ್ಮ ವಿಭಾಗಕ್ಕೆ ಲೆಕ್ಕ ಬರೆಯುವ ಟ್ಯಾಲಿ ಬೇಕು ಅಂತ ಅದರ ಕಳ್ಳ ಪ್ರತಿ ಹಾಕಿಸುವವರು ಇನ್ನೂ ಇದ್ದಾರೆ. ಅದರಲ್ಲೇ ಎಜುಕೇಷನಲ್ ಮೋಡ್ ಇದೆ, ದುಡ್ಡಿಲ್ಲ. ತಿಂಗಳ 1, 2ರಂಥ ಕೆಲವೇ ತಾರೀಕಿಗೆ ಮಾತ್ರ ಎಂಟ್ರಿ ತಗೊಳ್ಳುತ್ತದೆ. ನಮ್ಮ ಮಕ್ಕಳ ಲೆಕ್ಕದಲ್ಲಿ ವ್ಯಾಪಾರಿಗಳೆಲ್ಲ ಒಂದನೇ ತಾರೀಕೇ ಸಾಮಾನು ಕೊಳ್ಳುತ್ತಾರೆ, ಎರಡನೇ ತಾರೀಕೇ ಮಾರುತ್ತಾರೆ. ಕಲಿಯುವುದಕ್ಕೆ ಏನೂ ಕಮ್ಮಿ ಆಗಿಲ್ಲ.

ದುಡ್ಡು ಕೊಟ್ಟು ತಗೊಳ್ಳಲೇಬೇಕಾದ ಸಾಫ್ಟ್‌ವೇರ್ ಇದ್ದರೆ ಬಿಲ್ಲಿನಲ್ಲಿ ಬೇರೆ ಸಾಲು, ಕಾಲೇಜಿನ ಹೆಸರು, ಕಾಲೇಜಿನ ಇಮೇಲ್. ನಿಮ್ಮ ಸ್ವಂತ ಜಿಮೇಲ್ ಕೊಡಬೇಡಿ. ನಮ್ಮಲ್ಲಿ ಗ್ರಂಥಾಲಯದ ಸಾಫ್ಟ್‌ವೇರನ್ನು ಒಬ್ಬರು ತಮ್ಮ ಸ್ವಂತ ಇಮೇಲ್‌ನಲ್ಲಿ ನೋಂದಾಯಿಸಿ ಬೇರೆ ಊರಿಗೆ ಹೋದರು. ಪಾಸ್‌ವರ್ಡ್ ಮರೆತಾಗಲೆಲ್ಲ ಅವರಿಗೆ ಫೋನ್ ಮಾಡಿ ಓಟಿಪಿ ಕೇಳುವ ಪರಿಸ್ಥಿತಿ. ಅವರ ಮಗಳ ಮದುವೆ ದಿನವೂ ಕೇಳಿದ್ದೇವೆ.

ಲ್ಯಾಪ್‌ಟಾಪ್ ಮನೆಗೆ? ಒಯ್ಯಬಹುದು, ಪ್ರಿನ್ಸಿಪಾಲರ ಲಿಖಿತ ಆದೇಶ ಇದ್ದು, ರಿಜಿಸ್ಟರಿನಲ್ಲಿ ಸೀರಿಯಲ್ ನಂಬರ್ ಸಮೇತ ಬರೆದರೆ. ನಾನಾದರೆ ಒಯ್ಯಲ್ಲ. ಮನೆಯಲ್ಲಿ ಮಕ್ಕಳು ಏನು ಹಾಕುತ್ತಾರೋ, ಎಲ್ಲಿ ಬೀಳಿಸುತ್ತಾರೋ, ನಿವೃತ್ತಿ ದಿನ ನೋ ಡ್ಯೂ (ಬಾಕಿ ಇಲ್ಲ ಅನ್ನುವ) ಪತ್ರ ತಗೊಳ್ಳುವಾಗ ಹತ್ತು ವರ್ಷದ ಹಿಂದಿನ ಚಾರ್ಜರ್ ಹುಡುಕಬೇಕು.

ಮಾಡೆಲ್ ಬಗ್ಗೆ ಒಂದೇ ಮಾತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ವಿಂಡೋಸ್ 11 ಓಡದ ಹಳೇ ಸ್ಟಾಕನ್ನು ಕಾಲೇಜುಗಳಿಗೆ ತಗಲಿಸಲು ನೋಡುತ್ತಾರೆ, ಹುಷಾರು.

ಅವತ್ತು ಲೈಸೆನ್ಸ್ ಎಲ್ಲಿ ಅಂತ ಕೇಳಿದ ಆ ಎಸ್‌ಡಿಎ ಈಗ ನಮ್ಮ ಸೂಪರಿಂಟೆಂಡೆಂಟ್. ಪಾಪ, ಒಂದು ದಿನವೂ ನಾನು ಅವತ್ತೇ ಹೇಳಿದ್ದೆ ಅಂತ ಅಂದಿಲ್ಲ. ಆದರೆ ನಾನು ಯಾವ ಬಿಲ್ ಕೊಟ್ಟರೂ, ಅದು ಡಸ್ಟರ್ ಬಿಲ್ ಆಗಿದ್ದರೂ ಸರಿ, ಮೊದಲು ತಿರುಗಿಸಿ ಹಿಂಭಾಗ ನೋಡುತ್ತಾರೆ. ಆ ಎಂಟು ಕಂಪ್ಯೂಟರ್ ಈಗಲೂ ಸ್ಟೋರ್ ರೂಮಿನಲ್ಲಿವೆ. ಸೀರಿಯಲ್ ನಂಬರ್ ಬರೆಯದೆ ಇದ್ದದ್ದರಿಂದ ದಾಸ್ತಾನು ಪುಸ್ತಕದಿಂದ ತೆಗೆಯುವ ಕಡತ ಮೂರು ಸಲ ವಾಪಸ್ ಬಂದಿದೆ. ಗುಜರಿಗೆ ಹಾಕುವ ಹಾಗೂ ಇಲ್ಲ, ಅದು ಇ-ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಂಥವರಿಗೆ ಕೊಡಬೇಕು.

ನಿಮಗೆ ಕೊಟೇಶನ್ ಬಂದ ಮೇಲೆ ಅಂಗಡಿ ಹೆಸರು, ಕಾಲೇಜಿನ ಹೆಸರು ಮುಚ್ಚಿ ಫೋಟೋ ಹಾಕಿ. ಸ್ಪೆಲಿಂಗ್ ಸಮೇತ ನೋಡಿ ಹೇಳುತ್ತೇನೆ.