ಬಿಳಿನೊಣ ಇನ್ನೂ ಸತ್ತಿಲ್ಲ ಅಂದರೆ ಪುಡಿ ನಕಲಿ ಅಂತಲ್ಲ

ಹತ್ತಿಗೆ ಬೆಳಿಗ್ಗೆ 11ಕ್ಕೆ ಬ್ಯುವೇರಿಯಾ ಎಂಬ ಜೈವಿಕ ಕೀಟನಾಶಕದ ಪುಡಿ ಹೊಡೆದು 2 ದಿನವಾಯ್ತು, ಬಿಳಿನೊಣ ಸತ್ತಿಲ್ಲ, ಪುಡಿ ನಕಲಿನಾ ಅಂತ ಕೇಳಿದ್ದೀರಿ. ಇಷ್ಟು ಬೇಗ ತೀರ್ಮಾನ ಬೇಡ ಸರ್. ಇದು ವಿಷ ಅಲ್ಲ, ಜೀವ ಇರುವ ಶಿಲೀಂಧ್ರ. ಬೀಜಕಣ ಕೀಟದ ಮೈಗೆ ಅಂಟಬೇಕು, ಮೊಳೆಯಬೇಕು, ಚರ್ಮ ಕೊರೆದು ಒಳಗೆ ಇಳಿಯಬೇಕು. ಹತ್ತಿರ ಹತ್ತಿರ ಒಂದು ವಾರ ಹಿಡಿಯುತ್ತದೆ.

ನನಗೆ ಚಿಂತೆ ಇರುವುದು ನೀವು ಹೊಡೆದ ಹೊತ್ತಿನ ಬಗ್ಗೆ. ಬಿಸಿಲಿಗೆ ಬೀಜಕಣ ಸಾಯುತ್ತವೆ. ಮುಂದಿನ ಸಲ ಸಂಜೆ 5ರ ಮೇಲೆ, ಎಲೆಯ ಅಡಿಭಾಗ ನೆನೆಯುವ ಹಾಗೆ ಹೊಡೆಯಿರಿ. ಮರಿಗಳು ಇರೋದೇ ಅಲ್ಲಿ ಅಲ್ವಾ? ಶಿಲೀಂಧ್ರನಾಶಕ ಮಾತ್ರ ಜೊತೆಗೆ ಬೆರೆಸಲೇಬೇಡಿ.

ಹೆಬ್ಬಾಳದ ನಮ್ಮ ತಾರಸಿಯ ಬದನೆ ಗಿಡದಲ್ಲಿ 6ನೇ ದಿನ ಭೂತಗನ್ನಡಿ ಹಿಡಿದು ನೋಡಿದ್ದೆ. ಸತ್ತ ಮರಿಯ ಮೈಮೇಲೆ ಬಿಳಿ ನವಿರು, ರೊಟ್ಟಿಗೆ ಬೂಷ್ಟು ಹಿಡಿದ ಹಾಗೆ. ನೀವೂ ಅದನ್ನೇ ಹುಡುಕಿ.