ಮುಕ್ತಿನಾಥದ ದಾರಿಯಲ್ಲಿ ಕಂಡ ಕಿಟಕಿಗಳು

ಪ್ರಶ್ನೆ: ಹೋದ ವರ್ಷ ನೇಪಾಳಕ್ಕೆ ಹೋಗಿದ್ದೆವು. ಜೋಮ್ಸೋಮ್‌ನಿಂದ ಮುಕ್ತಿನಾಥಕ್ಕೆ ಹೋಗುವಾಗ ಬೋಳು ಬೆಟ್ಟದ ಗೋಡೆಯಲ್ಲಿ ಸಾಲಾಗಿ ತೂತುಗಳು ಕಂಡವು, ಥೇಟ್ ಮನೆ ಕಿಟಕಿಗಳ ಹಾಗೆ. ಡ್ರೈವರ್ ‘ಗುಫಾ, ಗುಫಾ’ ಅಂದ, ಅಷ್ಟೇ. ಪೊಖರಾದಲ್ಲಿ ನೋಡಿದ ಮಹೇಂದ್ರ ಗುಹೆಯ ಥರ ಇವೂ ತಾನಾಗಿ ಆದದ್ದಾ? ಅಷ್ಟು ಎತ್ತರಕ್ಕೆ ಯಾರು ಹತ್ತುತ್ತಿದ್ದರು?
– ಓದುಗರು, ಹಾಸನ

ಉತ್ತರ: ಅಲ್ಲ. ಪೊಖರಾದ್ದು ನೀರಿನ ಕೆಲಸ, ನೀವು ಕಂಡ ತೂತುಗಳು ಮನುಷ್ಯರ ಕೆಲಸ.

ಪೊಖರಾ ಊರು ಕೂತಿರುವುದೇ ಅನ್ನಪೂರ್ಣ ಬೆಟ್ಟಗಳಿಂದ ಹಿಂದೆ ಹರಿದುಬಂದ ಕಲ್ಲು, ಮರಳಿನ ರಾಶಿಯ ಮೇಲೆ. ಅದರೊಳಗಿನ ಸುಣ್ಣವೇ ಸಿಮೆಂಟಿನ ಹಾಗೆ ಕಲ್ಲುಗಳನ್ನು ಹಿಡಿದಿಟ್ಟಿದೆ. ನೀರು ಆ ಸುಣ್ಣವನ್ನು ಕರಗಿಸುತ್ತಾ ಹೋದ ಕಡೆಯೆಲ್ಲ ಒಳಗೆ ಪೊಳ್ಳು.

ನಿಮ್ಮ ಕಿಟಕಿಗಳಿರುವುದು ಮುಸ್ತಾಂಗ್ ಜಿಲ್ಲೆಯಲ್ಲಿ, ಕಾಳಿ ಗಂಡಕಿ ಕಣಿವೆಯ ಸುತ್ತ. (ಮನೆಗೆ ಸಾಲಿಗ್ರಾಮ ತಂದಿದ್ದರೆ ಅದೂ ಈ ನದಿಯದೇ ಇರಬೇಕು. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಕಡಲಿನ ಜೀವಿಯ ಚಿಪ್ಪು ಕಲ್ಲಾದದ್ದು ಅದು.) ಮುಸ್ತಾಂಗ್‌ನಲ್ಲಿ ಇಂಥ ಗುಹೆಗಳು ಸುಮಾರು 10,000 ಇವೆ ಅನ್ನುತ್ತಾರೆ. ಬೆಟ್ಟ ಅಂದರೂ ಅಲ್ಲಿ ಗಟ್ಟಿ ಬಂಡೆ ಕಡಿಮೆ, ಒತ್ತಿ ಕೂತ ಮಣ್ಣು ಜಲ್ಲಿಯೇ ಜಾಸ್ತಿ, ಹಾಗಾಗಿ ಕೊರೆಯಲು ಬಂತು, ಮತ್ತೆ ಅನ್ನಪೂರ್ಣ, ಧವಳಗಿರಿಗಳು ಮಳೆಯನ್ನು ತಡೆಯುವುದರಿಂದ ಕೊರೆದದ್ದು ಇಷ್ಟು ಕಾಲ ಉಳಿಯಿತು.

ಮೊದಲು ಅಲ್ಲಿಗೆ ಹೋದವರು ಬದುಕಿದ್ದವರಲ್ಲ! ಹಳೆಯ ಗುಹೆಗಳಲ್ಲಿ ಹೆಣ ಇಡುತ್ತಿದ್ದರು. ಮುಕ್ತಿನಾಥಕ್ಕೆ ಹತ್ತಿರದ ಮೆಬ್ರಾಕ್‌ನಲ್ಲಿ 1990ರ ದಶಕದಲ್ಲಿ ನೇಪಾಳ ಮತ್ತು ಜರ್ಮನಿಯ ಸಂಶೋಧಕರಿಗೆ ಸುಮಾರು 2,000 ವರ್ಷ ಹಳೆಯ, ಒಣಗಿ ಉಳಿದ ದೇಹಗಳು ಸಿಕ್ಕವು, ಮರದ ಮಂಚಗಳ ಸಮೇತ. ಸುಮಾರು ಸಾವಿರ ವರ್ಷದ ಹಿಂದೆ ಜನ ಅಲ್ಲೇ ಸಂಸಾರ ಹೂಡಿದರು, ಬಹುಶಃ ಜಗಳ ಯುದ್ಧಗಳ ಭಯಕ್ಕೆ. 15ನೇ ಶತಮಾನದ ಹೊತ್ತಿಗೆ ಹೆಚ್ಚಿನವರು ಕೆಳಗಿಳಿದು ಊರು ಕಟ್ಟಿಕೊಂಡರು. ಆಮೇಲೂ ಕೆಲವು ಗುಹೆಗಳು ಬೌದ್ಧರ ಧ್ಯಾನಕ್ಕೆ, ಗೊಂಪಾಕ್ಕೆ (ಅಂದರೆ ಬೌದ್ಧ ಮಠಕ್ಕೆ) ಬಳಕೆಯಾದವು. ಮುಸ್ತಾಂಗ್‌ನ ಉತ್ತರ ಭಾಗದ ಊರು ಲೋ ಮಂಥಾಂಗ್ ಹತ್ತಿರದ ಛೋಸೇರ್‌ನಲ್ಲಿ ಐದು ಅಂತಸ್ತಿನ ಗುಹೆಮನೆಯೇ ಇದೆ, ಏಣಿ ಹತ್ತಿ ಒಳಗೆಲ್ಲ ತಿರುಗಬಹುದು. ಆದರೆ ಅಲ್ಲಿಗೆ ಹೋಗಲು ಬೇರೆ ಪರವಾನಗಿ ಬೇಕು.

ಹತ್ತುವುದು ಹೇಗೆ ಅಂದಿರಿ. ನೀವು ನೋಡಿದ್ದು ಬಹುಶಃ ಬೆಟ್ಟದ ಮುಖ ಕುಸಿದ ಮೇಲಿನ ರೂಪ. ಗೋಡೆಯ ಜೊತೆ ದಾರಿಯೂ ಬಿದ್ದುಹೋಗಿ, ಕೋಣೆಗಳು ಮಾತ್ರ ಗಾಳಿಯಲ್ಲಿ ಬಾಯಿ ತೆರೆದು ನಿಂತಿವೆ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ನೇಪಾಳದಲ್ಲಿ ಒಂದೇ ಗುಹೆ ತೋರಿಸುವುದಾದರೆ ಯಾವುದು? ಗುಪ್ತೇಶ್ವರ ಆಗುತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಪೊಖರಾದ ಗುಪ್ತೇಶ್ವರ ಚೆಂದ, ಒಳಗೆ ಶಿವ ಇದ್ದಾನೆ, ಕೊನೆಯಲ್ಲಿ ಬಂಡೆ ಸೀಳಿನಿಂದ ಡೇವಿಸ್ ಜಲಪಾತ ಕಾಣುತ್ತದೆ. ಆದರೆ ಮೆಟ್ಟಿಲು ಜಾಸ್ತಿ, ನೆಲ ಒದ್ದೆ, ಮಳೆಗಾಲದಲ್ಲಿ ಒಳಭಾಗವನ್ನು ಮುಚ್ಚಿಬಿಡುತ್ತಾರೆ. ಚಮೇರೆ, ಅಂದರೆ ಬಾವಲಿ ಗುಹೆಯ ಹೆಸರೇ ಎತ್ತಬೇಡಿ, ಹೊರಬರುವ ಕಿಂಡಿಯಲ್ಲಿ ಹೊಟ್ಟೆ ಎಳೆದುಕೊಂಡು ತೆವಳಬೇಕು. ದೂರವಾದರೂ ಪರವಾಗಿಲ್ಲ ಅಂದರೆ ಪೂರ್ವದ ಖೋಟಾಂಗ್ ಜಿಲ್ಲೆಯ ಹಲೇಸಿ ಇದೆ: ಹಿಂದೂಗಳಿಗೆ ಭಸ್ಮಾಸುರನಿಂದ ಶಿವ ಅಡಗಿದ ಜಾಗ, ಬೌದ್ಧರಿಗೆ ಗುರು ಪದ್ಮಸಂಭವ ದೀರ್ಘಾಯುಸ್ಸು ಪಡೆದ ಮರಾಟಿಕಾ, ಪೂರ್ವ ನೇಪಾಳದ ಮೂಲನಿವಾಸಿಗಳಾದ ಕಿರಾತರಿಗೂ ಪವಿತ್ರ. ಅಲ್ಲೂ ಮೆಟ್ಟಿಲು ತಪ್ಪಿದ್ದಲ್ಲ. ಅಮ್ಮನಿಗೆ ಮಹೇಂದ್ರ ಗುಹೆಯೇ ಸಾಕು, ಒಂದು ಟಾರ್ಚ್ ಮಾತ್ರ ಇಟ್ಟುಕೊಳ್ಳಿ.