ಹೊಸತೊಡಕಿನ ದಿನದ ರಕ್ತದಾನ ಶಿಬಿರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಹೋಗಿದ್ದು ಯಾಕೆ?

ಗುಬ್ಬಿ ಹತ್ತಿರದ ನಿಮ್ಮೂರಲ್ಲಿ 40 ಜನ ಬಂದರೂ 17 ಜನರ ರಕ್ತ ಮಾತ್ರ ತಗೊಂಡರು ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ನೀವು ಆರಿಸಿದ ದಿನವೇ. ಯುಗಾದಿಯ ಮರುದಿನ, ಹೊಸತೊಡಕಿನ ಬೆಳಿಗ್ಗೆ ಅಂದರೆ ಕೆಲವರು ಹಿಂದಿನ ರಾತ್ರಿ ಕುಡಿದಿರುತ್ತಾರೆ, ಇನ್ನು ಕೆಲವರು ಮಧ್ಯಾಹ್ನದ ಬಾಡೂಟಕ್ಕೆ ಅಂತ ಹೊಟ್ಟೆ ಖಾಲಿ ಇಟ್ಟುಕೊಂಡು ಬರುತ್ತಾರೆ. ಎರಡಕ್ಕೂ ಡಾಕ್ಟರ್ ಬೇಡ ಅನ್ನುತ್ತಾರೆ. ನಮ್ಮ ಶಿಬಿರದಲ್ಲಿ ಒಬ್ಬ ಹುಡುಗ ಟೀ ಕೂಡ ಕುಡಿಯದೆ ಬಂದು, ರಕ್ತ ಕೊಟ್ಟು ಎದ್ದವನೇ ಬಿಸ್ಕೆಟ್ ಟೇಬಲ್ ಮೇಲೆ ಬಿದ್ದಿದ್ದ.

ಈ ಸಲ ಯುಗಾದಿಗೆ ಒಂದು ವಾರ ಮುಂಚಿನ ಭಾನುವಾರ ಇಡಿ. ತೆಗೆದಿಟ್ಟ ರಕ್ತದ ಕೆಂಪು ರಕ್ತಕಣ 35ರಿಂದ 42 ದಿನ ಕೆಡದೆ ಇರುತ್ತೆ, ಹಬ್ಬಕ್ಕೂ ಒದಗುತ್ತೆ. ಪ್ಲೇಟ್‌ಲೆಟ್ ಮಾತ್ರ 5 ದಿನ, ಅದರ ಲೆಕ್ಕ ಬೇರೆ. ಕಾಲೇಜು ಹುಡುಗರು ಹಬ್ಬಕ್ಕೆ ಊರಿಗೆ ಹೊರಟರೆ ದಾನಿಗಳು ಸಿಗೋದೂ ಕಷ್ಟ, ಅಲ್ವಾ.

ಮೊದಲು ಲೈಸೆನ್ಸ್ ಇರುವ ರಕ್ತನಿಧಿಗೆ ಪತ್ರ ಕೊಟ್ಟು ದಿನ ಗಟ್ಟಿ ಮಾಡಿಕೊಳ್ಳಿ, ಪೋಸ್ಟರ್ ಆಮೇಲೆ. ಹೆಸರು ಬರೆದುಕೊಳ್ಳುವಾಗಲೇ ಕೇಳಿ: ವಯಸ್ಸು 18 ಆಗಿದೆಯಾ, ತೂಕ 45 ಕೆಜಿ ಇದೆಯಾ, ಹಿಂದೆ ಕೊಟ್ಟು ಎಷ್ಟು ದಿನವಾಯ್ತು? ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಹಿಮೋಗ್ಲೋಬಿನ್ 12.5 ಇರಬೇಕು, ಅದನ್ನು ಅಲ್ಲೇ ನೋಡುತ್ತಾರೆ. ಕಡಿಮೆ ಬಂದವರನ್ನು ಸುಮ್ನೆ ಮನೆಗೆ ಕಳಿಸಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗೋಕೆ ಹೇಳಿ. ಹಿಂದಿನ ಸಂಜೆ ಗ್ರೂಪಿಗೆ ಒಂದೇ ಮೆಸೇಜ್ ಹಾಕಿ: ಇವತ್ತು ಕುಡಿಯಬೇಡಿ, ನಾಳೆ ಮುದ್ದೆಯೋ ಇಡ್ಲಿಯೋ ತಿಂದೇ ಬನ್ನಿ.